ಲಿಂಬೆ ಸಿಪ್ಪೆಯಿಂದ ಹಲ್ಲು ಉಜ್ಜುವ ಸಲಹೆ ಬೇಡ

ಮಾನ್ಯರೆ,

ಹೋದ ವಾರ ನಿಮ್ಮ ಪತ್ರಿಕೆಯ ಮನೆಮದ್ದಿನ ಅಂಕಣದಲ್ಲಿ, ಲಿಂಬೆ ಸಿಪ್ಪೆಗೆ ಉಪ್ಪು ಹಚ್ಚಿ ದಿನಾ ಉಜ್ಜಿದರೆ ಹಲ್ಲು ಬೆಳ್ಳಗಾಗುತ್ತವೆ ಎಂದು ಬಂದಿತ್ತು. ನಮ್ಮಣ್ಣನ ಮಗಳು ಅದನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸಿಕೊಂಡಿದ್ದಾಳೆ. ಬರುವ ತಿಂಗಳು ಅವಳ ಮದುವೆ. ನೋಡಿ ಸುಮ್ನೆ ಇರಲು ಆಗಲಿಲ್ಲ.

ನಾವು ಇಂಡಿ ತಾಲ್ಲೂಕಿನವರು. ಲಿಂಬೆಯೇ ನಮ್ಮ ಅನ್ನ. ಬೆಳಿಗ್ಗೆ ಗಿಡದ ಬುಡದಲ್ಲಿ ಉದುರಿದ ಹಣ್ಣು ಆರಿಸುವಾಗ, ಒಡೆದದ್ದೊಂದನ್ನು ಹಿಂಡಿ, ಸಿಪ್ಪೆಗೆ ಚಿಟಿಕೆ ಉಪ್ಪು ಹಚ್ಚಿ ಹಲ್ಲು ಉಜ್ಜುವುದು ನನ್ನ 15 ವರ್ಷದ ರೂಢಿಯಾಗಿತ್ತು. ಮೊದಮೊದಲು ಹಲ್ಲು ಫಳಫಳ ಹೊಳೆದವು. ಅತ್ತೆಯವರೂ ಹೊಗಳಿದ್ದರು.

ಆಮೇಲೆ ಕೊಡದ ತಣ್ಣೀರು ಕುಡಿದರೆ ಜುಂ ಅನ್ನತೊಡಗಿತು. ಮುಂದೆ ಬಿಸಿ ಚಹಾಕ್ಕೂ ಅದೇ ಪಾಡು. ವಿಜಯಪುರದ ಹಲ್ಲಿನ ಡಾಕ್ಟರು ಕೈಗೆ ಕನ್ನಡಿ ಕೊಟ್ಟು, ದೀಪ ಹಿಡಿದು ತೋರಿಸಿದರು. ಮುಂದಿನ ಹಲ್ಲುಗಳ ತುದಿ ಗಾಜಿನ ಚೂರಿನಂತೆ ತೆಳ್ಳಗಾಗಿ, ಆಚೆಯ ಬೆಳಕು ಕಾಣುತ್ತಿತ್ತು. ಒಸಡಿನ ಹತ್ತಿರ ಹಳದಿ. ಬೆಳ್ಳಗಾಗಲಿ ಎಂದು ಉಜ್ಜಿದ ಹಲ್ಲು ಅವು! ‘ಇದು ಹುಳುಕಲ್ಲ ತಾಯಿ, ಸವೆತ. ಮೇಲಿನ ಪದರ ಹೋಗಿ ಒಳಗಿನ ಹಳದಿ ಕಾಣ್ತಿದೆ’ ಎಂದರು.

ಆ ಮೇಲಿನ ಪದರವೇ ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಆದರೆ ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದರಲ್ಲಿ ಜೀವಕೋಶಗಳೇ ಇಲ್ಲ. ಹುಳಿಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಲಿಂಬೆ ರಸದ್ದು 2ರಿಂದ 3ರೊಳಗೆ. ಹುಳಿಗೆ ಮೆತ್ತಗಾದ ಹಲ್ಲನ್ನು ನಾನು ಉಪ್ಪಿನ ಹರಳಿನಿಂದ ತಿಕ್ಕುತ್ತಿದ್ದೆ.

ಮೆತ್ತಗಾಗಿ ಇನ್ನೂ ಉಳಿದಿರುವ ಎನಾಮಲ್ ಮಾತ್ರ ಗಟ್ಟಿಯಾಗಬಲ್ಲದು. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಆ ಕೆಲಸ ಮಾಡುತ್ತವೆ, ಪೇಸ್ಟಿನ ಫ್ಲೋರೈಡ್ ಅದಕ್ಕೆ ಬಲ ಕೊಡುತ್ತದೆ. ಹೋದದ್ದನ್ನು ಯಾವ ಪೇಸ್ಟೂ ತರುವುದಿಲ್ಲ, ಡಬ್ಬಿಯ ಮೇಲೆ ಏನೇ ಬರೆದಿರಲಿ. ನನ್ನ ಎರಡು ಹಲ್ಲಿನ ತುದಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಚ್ಚಿದ್ದಾರೆ.

ಈಗಲೂ ಬೇಸಿಗೆಯಲ್ಲಿ ಪಾನಕ ಕುಡಿಯುತ್ತೇನೆ. ಲಿಂಬೆ ಬೆಳೆದು ಲಿಂಬೆ ಬಿಡೋಕಾಗುತ್ತಾ? ಆದರೆ ಗುಟುಕು ಗುಟುಕಾಗಿ ಗಂಟೆಗಟ್ಟಲೆ ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕುಡಿದ ಮೇಲೆ ಬರೀ ನೀರಿನಿಂದ ಬಾಯಿ ಮುಕ್ಕಳಿಸುತ್ತೇನೆ. ತಕ್ಷಣ ಬ್ರಷ್ ಹಿಡಿಯದೆ, ಕಡಿಮೆಯೆಂದರೂ ಅರ್ಧ ಗಂಟೆ ಬಿಡುತ್ತೇನೆ. ಮೆತ್ತನೆ ಬ್ರಷ್, ಹಗುರ ಕೈ. ರಾತ್ರಿ ಉಜ್ಜುವುದನ್ನಂತೂ ತಪ್ಪಿಸುವುದಿಲ್ಲ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಉಜ್ಜಿದ ಮೇಲೆ ನೊರೆ ಉಗುಳುತ್ತೇನೆ, ನೀರು ಹಾಕಿ ಜಾಸ್ತಿ ತೊಳೆಯುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಫ್ಲೋರೈಡ್ ಎಂದರೆ ಮಂದಿ ಹೆದರುತ್ತಾರೆ. ಬೋರ್‌ವೆಲ್ ನೀರಿನಿಂದ ಮಕ್ಕಳ ಹಲ್ಲು ಕಂದಾಗಿದ್ದನ್ನು ಕಂಡವರು ನಾವು. ಆ ಹೆದರಿಕೆ ಸುಳ್ಳಲ್ಲ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರುವ ನೀರು ದಿನಾ ಹೊಟ್ಟೆಗೆ ಹೋದರೆ ಕಲೆ ಬೀಳುತ್ತದೆ. ಪೇಸ್ಟನ್ನು ನುಂಗುವುದಿಲ್ಲ, ಉಗುಳುತ್ತೇವೆ ಅಲ್ವಾ? 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು ಸಾಕು. ನೀರಿನ ಪರೀಕ್ಷೆ ಮಾಡಿಸಿ, ಪೇಸ್ಟ್ ಬಿಡಬೇಡಿ.

ದಯವಿಟ್ಟು ಆ ಸಲಹೆ ತಪ್ಪು ಎಂದು ಅದೇ ಅಂಕಣದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಮದುವೆಗೆ ಇನ್ನೂ 3 ವಾರ ಇದೆ. ನಾನು ಬಾಯಲ್ಲಿ ಹೇಳಿದರೆ ಹುಡುಗಿ ಕೇಳುತ್ತಿಲ್ಲ, ‘ಪೇಪರಿನಲ್ಲೇ ಬಂದಿದೆಯಲ್ಲ ಅತ್ತೆ’ ಅನ್ನುತ್ತಾಳೆ.

ಇಂತಿ,
ಲಿಂಬೆ ಬೆಳೆಗಾರ್ತಿ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ