ಪರದೆಯಾದ ಸೀರೆ: ಅಕ್ಕಲಕೋಟೆಯ ಗೆಳೆಯನಿಗೊಂದು ಪತ್ರ

ಪೆರ್ಲ, ಕಾಸರಗೋಡು
ಮಾರ್ಚ್ ತಿಂಗಳ ಕೊನೆಯ ಭಾನುವಾರ

ಪ್ರಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಹದಿನೈದು ದಿನಗಳು ಕಳೆದವು. ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಮಾಲೀಕರನ್ನು ಕೇಳಬೇಕು, ಸಂಬಳದಲ್ಲಿ ಮಿಗುವುದು ನಾಲ್ಕು ಸಾವಿರ ರೂಪಾಯಿ, ಮೇ ತಿಂಗಳಲ್ಲಿ ಊರಿನಿಂದ ನೆಂಟರು ಬರುತ್ತಾರೆ, ಅಷ್ಟರೊಳಗೆ ಮನೆಯೂ ಮೈಮೇಲಿನ ಬಟ್ಟೆಯೂ ನಾಲ್ಕು ಜನ ಮೆಚ್ಚುವಂತೆ ಆಗಬೇಕು, ಏನು ಮಾಡಲಿ ಎಂದು ಕೇಳಿದ್ದೀಯೆ. ಉತ್ತರ ತಡವಾದದ್ದು ಸೋಮಾರಿತನದಿಂದಲ್ಲ. ನಿನಗೆ ಹೇಳುವ ಮೊದಲು ಅಷ್ಟೇ ಹಣದಲ್ಲಿ ನಮ್ಮ ಮನೆಯಲ್ಲಿಯೇ ಮಾಡಿ ನೋಡೋಣವೆಂದು ತೊಡಗಿದೆ. ಬಿಸು, ಅಂದರೆ ವಿಷು, ಹಬ್ಬಕ್ಕೆ ಹೇಗೂ ಮನೆಯನ್ನು ಗುಡಿಸಿ ಒರೆಸಿ ಅಣಿಗೊಳಿಸಲೇಬೇಕಾಗಿತ್ತು.

ಮೊದಲು ಒಂದು ವಿಷಯವನ್ನು ತಿಳಿದುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಬೇಸಿಗೆಯೆಂದರೆ ಸೆಕೆ, ನಿಮ್ಮ ಸೊಲ್ಲಾಪುರ ಜಿಲ್ಲೆಯ ಕಡೆ ಬೇಸಿಗೆಯೆಂದರೆ ಝಳ. ಇಲ್ಲಿ ಉಷ್ಣಾಂಶ 34-35 ಡಿಗ್ರಿಯ ಆಸುಪಾಸಿನಲ್ಲಿದ್ದರೂ ಕಡಲಿನ ತೇವ ಗಾಳಿಯಲ್ಲಿ ತುಂಬಿಕೊಂಡಿರುವುದರಿಂದ ಬಂದ ಬೆವರು ಆರುವುದಿಲ್ಲ. ಅಲ್ಲಿ 40 ಡಿಗ್ರಿ ದಾಟಿದಾಗಲೂ ಗಾಳಿ ಒಣಗಿರುವುದರಿಂದ ಬೆವರು ಬಂದದ್ದೇ ತಿಳಿಯುವುದಿಲ್ಲ. ಆದ್ದರಿಂದ ನನ್ನ ಬಟ್ಟೆ ಮೈಗೆ ಅಂಟದೆ ಗಾಳಿಯಾಡಿಸಬೇಕು, ನಿನ್ನ ಬಟ್ಟೆ ಬಿಸಿಲನ್ನು ಮೈಗೆ ತಾಗದಂತೆ ತಡೆಯಬೇಕು. ನನಗೆ ಅರ್ಧ ತೋಳಿನ ಅಂಗಿ ಸರಿ. ನಿನಗೆ ಸಡಿಲವಾದ, ತಿಳಿಬಣ್ಣದ, ತುಂಬು ತೋಳಿನ ಅಂಗಿಯೇ ಹಿತ. ನಿಮ್ಮ ಹಳ್ಳಿಗಳ ಹಿರಿಯರು ಉರಿಬಿಸಿಲಿನಲ್ಲಿ ಬಿಳಿ ಧೋತರ ಉಟ್ಟು, ಮೊಣಕೈ ಮುಚ್ಚುವ ಅಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ ಹೊರಡುವುದನ್ನು ನೀನೇ ಹಿಂದೊಮ್ಮೆ ಬೆರಗಿನಿಂದ ಬರೆದಿದ್ದೆಯಲ್ಲ, ಅವರನ್ನೇ ಗುರುಗಳೆಂದು ತಿಳಿ. ಪತ್ರಿಕೆಗಳ ಬೇಸಿಗೆ ಪುರವಣಿಗಳು ಇಡೀ ನಾಡಿಗೆ ಒಂದೇ ಬೇಸಿಗೆಯೆಂಬಂತೆ ಬರೆಯುತ್ತವೆ. ಅದನ್ನು ಓದಿಕೊಂಡು ಅಂಗಡಿಗೆ ಹೊರಟವರು ಎರಡು ಸಲ ಹಣ ಕಳೆದುಕೊಳ್ಳುತ್ತಾರೆ.

ಇನ್ನು ಬಟ್ಟೆಯ ವಿಚಾರ. ನಾನು ಅಂಗಡಿಗೆ ಹೋಗುವ ಮೊದಲು ಕಪಾಟನ್ನು ಬರಿದು ಮಾಡಿದೆ. ಆಟಿ ತಿಂಗಳ ಮಳೆಗೆ ಹಿಡಿದ ಬೂಸುರಿನ ವಾಸನೆ ಕೆಲವು ಅಂಗಿಗಳಲ್ಲಿ ಇನ್ನೂ ಉಳಿದಿತ್ತು. ಅಂಗಳದ ಚಪ್ಪರದಾಚೆ ಅಡಿಕೆ ಒಣಹಾಕುವ ಕಡೆ ಎಲ್ಲವನ್ನೂ ಎರಡು ದಿನ ಬಿಸಿಲಿಗೆ ಹರವಿ, ನಂತರ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದೆ. ಹತ್ತೊಂಬತ್ತು ಅಂಗಿಗಳಲ್ಲಿ ಹನ್ನೊಂದು ಪಾಲಿಯೆಸ್ಟರ್ ಬೆರೆತವು. ಇಸ್ತ್ರಿ ಬೇಡವೆಂಬ ಒಂದೇ ಆಸೆಯಿಂದ ಕೊಂಡವು. ಹತ್ತಿಯ ನೂಲು ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಸುಮಾರು 8 ಶೇಕಡಾದಷ್ಟು ತೇವವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರಿನ ನೂಲು ಅರ್ಧ ಶೇಕಡಾವನ್ನೂ ಇಟ್ಟುಕೊಳ್ಳುವುದಿಲ್ಲ. ಸೆಕೆಯಲ್ಲಿ ಆ ಅಂಗಿ ಬೆನ್ನಿಗೆ ಅಂಟಿಕೊಳ್ಳುವುದು ಇದರಿಂದಲೇ. ಅವುಗಳನ್ನು ಮಳೆಗಾಲಕ್ಕೆಂದು ಕಟ್ಟಿ ಅಟ್ಟಕ್ಕೇರಿಸಿದೆ. ಬೇಗ ಒಣಗುವ ಗುಣ ಆಗ ಉಪಯೋಗಕ್ಕೆ ಬರುತ್ತದೆ.

ಉಳಿದ ಎಂಟು ಹತ್ತಿಯ ಅಂಗಿಗಳಲ್ಲಿ ಆರಕ್ಕೆ ಕಾಲರು ಸವೆದಿತ್ತು. ನಮ್ಮ ಪೇಟೆಯಲ್ಲಿ ಹಳೆಯ ಕಾಲದ ಟೈಲರೊಬ್ಬರಿದ್ದಾರೆ. ಕಾಲರನ್ನು ಬಿಚ್ಚಿ, ಸವೆದ ಮಗ್ಗುಲು ಒಳಗೆ ಹೋಗುವಂತೆ ತಿರುಗಿಸಿ ಹೊಲಿಯುವ ವಿದ್ಯೆ ಅವರ ಕೈಯಲ್ಲಿ ಇನ್ನೂ ಇದೆ. ಜೊತೆಗೆ ತುಂಬು ತೋಳನ್ನು ಮೊಣಕೈಯ ಮೇಲಕ್ಕೆ ಕತ್ತರಿಸಿ, ಸೊಂಟದ ಬಳಿ ಜೋತುಬೀಳುತ್ತಿದ್ದ ಅಗಲವನ್ನು ತುಸು ಒಳಗೆ ಹಿಡಿದುಕೊಟ್ಟರು. ಅಂಗಿಯೊಂದಕ್ಕೆ 70 ರೂಪಾಯಿ. ಮರುದಿನ ಶಾಲೆಗೆ ಹಾಕಿಕೊಂಡು ಹೋದಾಗ ಸಹೋದ್ಯೋಗಿಯೊಬ್ಬರು ಹೊಸ ಅಂಗಿಯೇ ಎಂದು ಕೇಳಿದರು, ಹೌದೆಂದು ಹೇಳಿಬಿಟ್ಟೆ. ಬಟ್ಟೆ ಹಳತೋ ಹೊಸತೋ ಎಂಬುದನ್ನು ನೋಡುವವರ ಕಣ್ಣು ಕಾಲರಿನ ಅಂಚಿನಲ್ಲಿ ಮತ್ತು ಹೆಗಲಿನ ಅಳತೆಯಲ್ಲಿ ಮಾತ್ರ ಹುಡುಕುತ್ತದೆ ಎಂದು ಆ ಟೈಲರು ಹೇಳುತ್ತಾರೆ, ನನಗೂ ಅದು ನಿಜವೆನಿಸಿದೆ. ನಿನ್ನ ತೋಳುಗಳನ್ನು ಮಾತ್ರ ಕತ್ತರಿಸಬೇಡ.

ಹೊಸದಾಗಿ ಕೊಂಡದ್ದು ಎರಡು ಅಂಗಿಗಳಿಗಾಗುವಷ್ಟು ಕೈಮಗ್ಗದ ಬಟ್ಟೆ ಮಾತ್ರ. ಇಲ್ಲಿ ಕೈಮಗ್ಗದ ಬಟ್ಟೆಗೆ ವಿಷು ಹಾಗೂ ಓಣಂ ಹೊತ್ತಿಗೆ ರಿಯಾಯಿತಿ ಸಿಗುತ್ತದೆ, ಅದನ್ನೇ ಕಾದು ಕುಳಿತಿದ್ದೆ. ಅದೇ ಹೊತ್ತಿಗೆ ಅಮ್ಮನಿಗೆ ಕಣಿಯ ಮುಂದೆ, ಅಂದರೆ ವಿಷುವಿನ ಬೆಳಗ್ಗೆ ಮೊದಲು ಕಾಣಲೆಂದು ಜೋಡಿಸಿಡುವ ಮಂಗಳವಸ್ತುಗಳ ಮುಂದೆ, ಇಡುವುದಕ್ಕೆಂದು ಒಂದು ಕಾಸರಗೋಡು ಸೀರೆಯನ್ನೂ ತಂದೆ. ಅದರ ಬೆಲೆಯನ್ನು ಈ ಪತ್ರದ ಲೆಕ್ಕಕ್ಕೆ ಸೇರಿಸಿಲ್ಲ. 1938ರಲ್ಲಿ ಹುಟ್ಟಿದ ನೇಕಾರರ ಸಹಕಾರಿ ಸಂಘದ ಮಗ್ಗಗಳಲ್ಲಿ ಇಂದಿಗೂ ನೇಯ್ಗೆಯಾಗುವ ಈ ಸೀರೆಗೆ 2010ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಈ ಊರಿನದೇ ವಿಶಿಷ್ಟ ವಸ್ತುವೆಂಬ, ಮಾನ್ಯತೆ ದೊರೆಯಿತು. ರೇಷ್ಮೆಯ ಹೊಳಪಿಲ್ಲ, ಜರಿಯ ಭಾರವಿಲ್ಲ. ಚೌಕುಳಿಯೋ ಸಾದಾ ಮೈಯೋ ಇದ್ದು ಅಂಚಿನಲ್ಲಿ ಮಾತ್ರ ಬಣ್ಣ ಗಾಢವಾಗುತ್ತದೆ. ಅಮ್ಮನಂಥವರು ಇದನ್ನು ನಿತ್ಯ ಉಟ್ಟು, ಕಲ್ಲಿನ ಮೇಲೆ ಒಗೆದು, ವರ್ಷಗಟ್ಟಲೆ ಬಾಳಿಸುತ್ತಾರೆ.

ಬಟ್ಟೆ ಆರಿಸುವಾಗ ಕೌಂಟ್ ಎಷ್ಟೆಂದು ಕೇಳಲು ಮರೆಯಬೇಡ. 840 ಗಜ ಉದ್ದದ ನೂಲಿನ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡ್ ತೂಗುತ್ತವೆಯೋ ಆ ಸಂಖ್ಯೆಯೇ ಕೌಂಟ್. ಸಂಖ್ಯೆ ಏರಿದಷ್ಟೂ ನೂಲು ತೆಳ್ಳಗೆ. ಪರದೆಗೂ ಹಾಸಿಗೆಗೂ 20 ಅಥವಾ 40 ಸಾಕು, ಸೆಕೆಗಾಲದ ಅಂಗಿಗೆ 60, 80 ಇದ್ದರೆ ಮೈಗೆ ಹಗುರ. ಬೆಲೆ ಸ್ವಲ್ಪ ಹೆಚ್ಚಾದರೂ ಈ ಒಂದು ಕಡೆ ಜಿಪುಣತನ ಬೇಡ. ಅಗಲವನ್ನೂ ನೋಡಿಕೋ: 36 ಇಂಚು ಪನ್ನದ ಬಟ್ಟೆಯಾದರೆ ಅರ್ಧ ತೋಳಿನ ಅಂಗಿಗೆ ಎರಡೂವರೆ ಮೀಟರು ಬೇಕು. ಹೋದ ವರ್ಷ ನಾನು ಆತುರಪಟ್ಟು ಬಟ್ಟೆಯನ್ನು ನೀರು ಕಾಣಿಸದೆಯೇ ಹೊಲಿಯಲು ಕೊಟ್ಟೆ. ಮೊದಲ ಒಗೆತಕ್ಕೇ ಅಂಗಿ ಕುಗ್ಗಿ, ಗುಂಡಿ ಹಾಕಿದರೆ ಉಸಿರು ಬಿಗಿಹಿಡಿಯಬೇಕಾಯಿತು. ಅದೀಗ ಅಕ್ಕನ ಮಗನ ಪಾಲು. ಈ ಸಲ ಒಂದು ರಾತ್ರಿ ಬರಿನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿದ ಮೇಲೆಯೇ ಟೈಲರ ಕೈಗಿತ್ತೆ. ಒಗೆದ ಮೇಲೆ ತೆಳುವಾದ ಗಂಜಿತಿಳಿಯಲ್ಲಿ ಅದ್ದಿದರೆ ಅಗ್ಗದ ಹತ್ತಿಬಟ್ಟೆಗೂ ಒಂದು ಗತ್ತು ಬರುತ್ತದೆ. ಆದರೆ ಬೇಸಿಗೆ ಮುಗಿದು ಮಡಚಿಡುವಾಗ ಆ ಗಂಜಿಯನ್ನು ಪೂರ್ತಿ ತೊಳೆದು ತೆಗೆಯಬೇಕು, ಇಲ್ಲದಿದ್ದರೆ ಅದರ ರುಚಿಗೆ ಬೆಳ್ಳಿಹುಳು ಬರುತ್ತದೆ, ನಮ್ಮಲ್ಲಾದರೆ ಬೂಸುರೂ ಬರುತ್ತದೆ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ನೀನು ಒಪ್ಪದಿದ್ದರೂ ಸರಿ. ಹಣ ಕಡಿಮೆಯಿದ್ದಾಗ ಬಣ್ಣಗಳೂ ಕಡಿಮೆಯಿರಬೇಕು. ನಾನು ಈ ಬೇಸಿಗೆಗೆ ಬಿಳಿ, ಅಡಿಕೆ ಸಿಪ್ಪೆಯ ಕಂದು, ತಿಳಿನೀಲಿ ಎಂದು ಮೂರನ್ನೇ ಇಟ್ಟುಕೊಂಡೆ. ಯಾವ ಅಂಗಿಯನ್ನು ಯಾವ ಪ್ಯಾಂಟಿಗೆ ಹಾಕಿದರೂ ಹೊಂದುತ್ತದೆ. ಹತ್ತು ಅಂಗಿಗಳು ಇಪ್ಪತ್ತರಂತೆ ಕಾಣುತ್ತವೆ. ಮನೆಯೊಳಗೂ ಅದೇ ಮೂರು ಬಣ್ಣಗಳನ್ನೇ ಇಟ್ಟೆ.

ಪರದೆಯ ಕಥೆಯನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಮನೆಯ ಮುಖ ಬದಲಾದದ್ದು ಅದರಿಂದ. ಎರಡು ವರ್ಷದ ಹಿಂದೆ ಅಂತರಜಾಲದ ಅಂಗಡಿಯೊಂದರಿಂದ ಚಿತ್ರ ನೋಡಿ ಮರುಳಾಗಿ ತರಿಸಿದ ಪರದೆಗಳು ದಪ್ಪವಾದ ಪಾಲಿಯೆಸ್ಟರಿನವು. ನೋಡಲು ಅರಮನೆಯಂತಿದ್ದವು, ಆದರೆ ಸಂಜೆ ಪಡುವಣದಿಂದ ಬರುವ ಒಂದಿಷ್ಟು ಗಾಳಿಯನ್ನೂ ತಡೆದು ಕೋಣೆಯನ್ನು ಹಬೆಯ ಪಾತ್ರೆಯಾಗಿಸಿದವು. ಅವುಗಳನ್ನು ಕೆಳಗಿಳಿಸಿ, ಅಮ್ಮನ ಪೆಟ್ಟಿಗೆ ತೆರೆದೆ. ಉಟ್ಟು ಉಟ್ಟು ಮೆತ್ತಗಾದ, ನೆರಿಗೆಯ ಜಾಗದಲ್ಲಿ ಮಾತ್ರ ಸವೆದ ನಾಲ್ಕು ಹತ್ತಿಸೀರೆಗಳಿದ್ದವು. ಕೊಡಲು ಅಮ್ಮ ಸುಲಭವಾಗಿ ಒಪ್ಪಲಿಲ್ಲ. ಒಂದು ಸೀರೆ ನನ್ನ ಉಪನಯನಕ್ಕೆ ಉಟ್ಟದ್ದಂತೆ, ಅದನ್ನು ಹಾಗೆಯೇ ಮಡಚಿಟ್ಟು ಬೇರೆ ಎರಡನ್ನು ಕೊಟ್ಟರು. ಕತ್ತರಿ ಹಾಕುವಾಗ ಎದುರಿಗೆ ನಿಲ್ಲಲಿಲ್ಲ.

ಸೀರೆಯೊಂದು ಐದೂವರೆ ಮೀಟರು. ಏಳು ಅಡಿ ಬಾಗಿಲಿನ ಪರದೆಗೆ, ಮೇಲೆ ಕೋಲು ತೂರಿಸುವ ಜಾಗ ಮತ್ತು ಕೆಳಗಿನ ಮಡಿಕೆ ಸೇರಿ, ಎರಡು ಮೀಟರು ಮೂವತ್ತೈದು ಸೆಂಟಿಮೀಟರು ಸಾಕು. ಹಾಗೆ ಎರಡು ಪರದೆ ತೆಗೆದ ಮೇಲೆ ಎಂಬತ್ತು ಸೆಂಟಿಮೀಟರು ಮಿಗುತ್ತದೆ. ಅದು ಸೆರಗಿನ ಕಡೆಯದೇ ಆಗಿರುವಂತೆ ಮೊದಲೇ ಯೋಚಿಸಿ ಕತ್ತರಿಸಿದರೆ ಹದಿನಾಲ್ಕು ಇಂಚಿನ ಎರಡು ದಿಂಬಿನ ಕವರುಗಳಾಗುತ್ತವೆ. ಸೀರೆಯ ಎರಡೂ ಅಂಚುಗಳು ಪರದೆಯ ಎಡಬಲಗಳಲ್ಲಿ ಉದ್ದಕ್ಕೂ ಇಳಿಯುವುದರಿಂದ ಅಲ್ಲಿ ಹೊಲಿಗೆಯೂ ಬೇಡ, ಅಲಂಕಾರವೂ ಬೇಡ. ಸವೆದ ಭಾಗ ಮಡಿಕೆಯೊಳಗೆ ಅಡಗುವಂತೆ ನೋಡಿಕೊಂಡು, ಅಮ್ಮನ ಹಳೆಯ ತುಳಿಯುವ ಯಂತ್ರದಲ್ಲಿ ನಾನೇ ಹೊಲಿದೆ. ಮೊದಲ ಪರದೆಯ ಮಡಿಕೆ ಗದ್ದೆಯ ಬದುವಿನಂತೆ ಡೊಂಕಾಯಿತು. ಅದನ್ನು ಅಡುಗೆಮನೆಯ ಬಾಗಿಲಿಗೆ ಹಾಕಿದ್ದೇನೆ. ಕೋಲಿನ ಬದಲು ಒಣಗಿದ ಬಿದಿರಿನ ಗಳು. ನಿನಗೆ ಮೊಳೆಯ ತೊಂದರೆಯಿರುವುದರಿಂದ ಚೌಕಟ್ಟಿನ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ಕೋಲು ತೆಗೆದುಕೋ, ಗೋಡೆಗೆ ಏನೂ ಆಗುವುದಿಲ್ಲ. ಈಗ ಬೆಳಗಿನ ಹೊತ್ತು ಆ ತಿಳಿನೀಲಿ ಬಟ್ಟೆಯೊಳಗಿಂದ ಬೆಳಕು ಸೋಸಿ ಬರುತ್ತದೆ, ಗಾಳಿ ಬಂದಾಗ ಸೆರಗು ಆಡಿದಂತೆ ಆಡುತ್ತದೆ. ಅಮ್ಮ ಏನೂ ಹೇಳಲಿಲ್ಲ. ಆದರೆ ಬಂದವರಿಗೆಲ್ಲ ಆ ಸೀರೆಯನ್ನು ಯಾರ ಮದುವೆಗೆ ಕೊಂಡದ್ದೆಂದು ವಿವರಿಸುತ್ತಾರೆ.

ಕೋಣೆಯಲ್ಲಿ ಮಿಕ್ಕದ್ದೆಲ್ಲ ತೆಗೆಯುವ ಕೆಲಸ, ಸೇರಿಸುವ ಕೆಲಸವಲ್ಲ. ಸೋಫಾದ ಮೇಲಿನ ನೂಲಿನ ಹೂಗಳು, ಪ್ಲಾಸ್ಟಿಕ್ ಬಳ್ಳಿ, ಮೂರು ವರ್ಷದ ಹಳೆಯ ಕ್ಯಾಲೆಂಡರುಗಳು ಎಲ್ಲವೂ ಹೋದವು. ಜಮಖಾನೆಯನ್ನು ಸುತ್ತಿಟ್ಟು, ಎಣ್ಣೆಹನಿ ಹಾಕಿ ಒರೆಸಿದ ಕಾವಿ ನೆಲದ ಮೇಲೆ ಕೇದಗೆಯ ಜಾತಿಯ ಮುಂಡೇವಿನ ಎರಡು ಚಾಪೆ ಹಾಸಿದೆ. ಮೂಡೆ ಕಡುಬು ಬೇಯಿಸಲು ಕಟ್ಟುವ ಅದೇ ಮುಂಡೇವಿನ ಓಲೆಯನ್ನು ಮುಳ್ಳು ತೆಗೆದು, ಸೀಳಿ, ಒಣಗಿಸಿ ಹೆಣೆಯುವ ಚಾಪೆ ಅದು. ಮಲಗಿದರೆ ಬೆನ್ನು ತಣ್ಣಗಿರುತ್ತದೆ. ನೆಂಟರು ಬಂದಾಗ ಕುರ್ಚಿಗಳ ಚಿಂತೆಯೂ ಉಳಿಯುವುದಿಲ್ಲ. ಪೇಟೆಯ ರೆಸಾರ್ಟುಗಳಲ್ಲಿ ಅಡಿಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆಯನ್ನು ಗೋಡೆಗೆ ತೂಗುಹಾಕಿ ಅದಕ್ಕೆಂದೇ ದೀಪ ಬಿಡುತ್ತಾರಂತೆ. ನಮ್ಮಲ್ಲಿ ಅದು ಇನ್ನೂ ತೋಟಕ್ಕೆ ಹೋಗುವವರ ತಲೆಯ ಮೇಲೆಯೇ ಇದೆ; ಹಾಳೆಯ ಬೀಸಣಿಗೆಯನ್ನು ಮಾತ್ರ, ಕರೆಂಟು ಹೋದಾಗ ಕೈಗೆ ಸಿಗಲೆಂದು, ಮೊಳೆಗೆ ಸಿಕ್ಕಿಸಿದ್ದೇನೆ.

ತಂಪಿನ ವಿಷಯದಲ್ಲಿ ನೀನು ನನಗಿಂತ ಅದೃಷ್ಟವಂತ. ಲಾವಂಚದ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ, ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ನಿಮ್ಮಲ್ಲಿ ಗಾಳಿ ಒಣಗಿರುವುದರಿಂದ ಇದು ಚೆನ್ನಾಗಿ ನಡೆಯುತ್ತದೆ, ಕೋಣೆಗೆ ಪರಿಮಳವೂ ಸಿಗುತ್ತದೆ. ಇಲ್ಲಿ ಅದನ್ನೇ ಮಾಡಿದ ನನಗೆ ಸಿಕ್ಕಿದ್ದು ಪರಿಮಳ ಮತ್ತು ಇನ್ನಷ್ಟು ಸೆಕೆ. ಮಣ್ಣಿನ ಹೂಜಿಯ ನೀರು ನಿಮ್ಮಲ್ಲಿ ಹೆಚ್ಚು ತಣ್ಣಗಾಗುವುದೂ ಇದೇ ಕಾರಣಕ್ಕೆ. ನೀನು ಹಗಲು ಕಿಟಕಿಗಳನ್ನು ಮುಚ್ಚಿ, ರಾತ್ರಿ ತಣ್ಣಗಾದ ಮೇಲೆ ಎಲ್ಲವನ್ನೂ ತೆರೆ. ನಮ್ಮಲ್ಲಿ ರಾತ್ರಿಯೂ ಅಷ್ಟಾಗಿ ತಣಿಯುವುದಿಲ್ಲವಾದ್ದರಿಂದ ಕಿಟಕಿಗಳು ಯಾವಾಗಲೂ ತೆರೆದೇ ಇರುತ್ತವೆ. ನಿನ್ನ ಮೇಲ್ಛಾವಣಿ ಕಾಂಕ್ರೀಟಿನದಾದರೆ ಮಾಲೀಕರನ್ನು ಕೇಳಿ ತಾರಸಿಗೆ ಸುಣ್ಣ ಬಳಿಸು, ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ನಾನು ಹಿಂದಿನ ಕೋಣೆಯ ತಾರಸಿಗೆ ಸುಣ್ಣ ಬಳಿದು, ಮೇಲೆ ತೆಂಗಿನ ಮಡಲು ಹರವಿದ್ದೇನೆ.

ಇನ್ನೆರಡು ಸಣ್ಣ ಕೆಲಸಗಳು. ಬಿಳಿ ಟ್ಯೂಬ್‌ಲೈಟಿನ ಬದಲು ಮೂಲೆಯೊಂದರಲ್ಲಿ 3000 ಕೆಲ್ವಿನ್ ಎಂದು ಬರೆದಿರುವ ಎಲ್‌ಇಡಿ ಬಲ್ಬು ಹಾಕಿದರೆ ಸಂಜೆಯ ಕೋಣೆಗೆ ದೀಪ ಹಚ್ಚಿದ ಕಳೆ ಬರುತ್ತದೆ. ಬೆಳಕಿನ ಬಣ್ಣವನ್ನು ಹೇಳುವ ಈ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಹುಡುಕು, 6500 ಇದ್ದರೆ ಬೇಡ. ಅಟ್ಟದಲ್ಲಿದ್ದ ಹಿತ್ತಾಳೆಯ ಅಗಲ ಪಾತ್ರೆ ಉರುಳಿಗೆ ಹುಣಸೆಹುಳಿ ತಿಕ್ಕಿ, ನೀರು ತುಂಬಿ ಕೇಪುಳದ ಹೂ ತೇಲಿಬಿಟ್ಟೆ. ನೀರನ್ನು ದಿನವೂ ಚೆಲ್ಲಿ ಬದಲಿಸಬೇಕು, ಇಲ್ಲವಾದರೆ ಸೊಳ್ಳೆ ಸಾಕಿದಂತೆ.

ಲೆಕ್ಕ ಕೇಳಿದ್ದೆಯಲ್ಲ, ಇದೋ: ಆರು ಅಂಗಿಗಳ ರಿಪೇರಿಗೆ 420, ಐದು ಮೀಟರು ಬಟ್ಟೆಗೆ 1100, ಅದನ್ನು ಹೊಲಿಸಲು 700, ಚಾಪೆಗಳಿಗೆ 700, ನೂಲು ಸೂಜಿ ಹಗ್ಗಗಳಿಗೆ 180, ಸುಣ್ಣಕ್ಕೂ ಕುಂಚಕ್ಕೂ 260, ಎರಡು ಬಲ್ಬಿಗೆ 240, ಒಟ್ಟು 3600 ರೂಪಾಯಿ. ನಿನಗೆ ಚಾಪೆಯ ಹಣ ಉಳಿಯುತ್ತದೆ, ಏಕೆಂದರೆ ಅವನ್ನು ನಾನೇ ಕಳುಹಿಸುತ್ತೇನೆ. ಕಿಟಕಿಗಳ ಉದ್ದಗಲಗಳನ್ನು ಇಂಚಿನಲ್ಲಿ ಅಳೆದು ಬರೆ. ಅಮ್ಮ ಇನ್ನೊಂದು ಸೀರೆ ಕೊಡುವ ಮನಸ್ಸು ಮಾಡಿದ್ದಾರೆ, ಕಂದು ಬಣ್ಣದ್ದು, ಅದರಲ್ಲಿ ನಿನ್ನ ಪಡಸಾಲೆಯ ಪರದೆಗಳಾಗಬಹುದು. ಪ್ರತಿಯಾಗಿ, ಊರಿಗೆ ಬರುವಾಗ ಸೊಲ್ಲಾಪುರದ ಟೆರ್ರಿ ಟವೆಲು ಎರಡು ತಾ, ಬಿಳಿಯವು. ಚಾದರ ಬೇಡ, ನಮ್ಮ ಸೆಕೆಗೆ ಅದನ್ನು ಹೊದೆಯುವವರು ಯಾರೂ ಇಲ್ಲ.

ಇಂತಿ,
ನಿನ್ನ ಗೆಳೆಯ