ಮಗಳಿಗೊಂದು ಪತ್ರ: ರವೆ ಉದುರಿದ ದಿನ

ಪ್ರೀತಿಯ ಪುಟ್ಟೀ,

ನೀನು ಬಾಸ್ಟನ್ನಿನಿಂದ ಕಳಿಸಿದ ವಿಡಿಯೋ ನೋಡಿದೆ. ನಿಜ ಹೇಳಬೇಕಂದ್ರೆ ಮೊದಲ ಸಲ ಪೆಚ್ಚಾದೆ. ಡ್ರಮ್ಸ್ ಕೇಳಿಸಿತು, ಪಿಯಾನೋ ಕೇಳಿಸಿತು. ಬೇಸ್ ಗಿಟಾರಿನ ಮೇಲೆ ನಿನ್ನ ಬೆರಳು ಓಡಾಡುತ್ತಿತ್ತು, ಸದ್ದೇ ಇಲ್ಲ! "ವಾಲ್ಯೂಮ್ ಜಾಸ್ತಿ ಮಾಡ್ರೀ" ಅಂದಳು ನಿನ್ನಮ್ಮ. ಮಾಡಿದರೆ ಡ್ರಮ್ಸ್ ಮಾತ್ರ ಜಾಸ್ತಿಯಾಯಿತು.

ಆಮೇಲೆ ಎದುರುಮನೆ ಹುಡುಗ ತನ್ನ ದೊಡ್ಡ ಹೆಡ್‌ಫೋನ್ ತಂದು ನನ್ನ ಕಿವಿಗೆ ಹಾಕಿದ. ಅಬ್ಬಾ! ನೆಲದೊಳಗಿಂದ ಎದ್ದು ಬಂದ ಹಾಗಿತ್ತು. ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ, ಅಷ್ಟು ತಗ್ಗಿನ ನಾದ ಫೋನಿನ ಪುಟ್ಟ ಸ್ಪೀಕರಿಗೆ ಆಗಿಬರಲ್ಲ ಅಂತ ಅವನೇ ಹೇಳಿದ. ನನ್ನ ಮೃದಂಗದ ಎಡಮುಖದ ತಗ್ಗು ನಾದಕ್ಕೂ ಫೋನಿನಲ್ಲಿ ಇದೇ ಗತಿ ಅಲ್ವಾ.

ಮೊನ್ನೆ ನೀನು ಅತ್ತೆ. "ಎಷ್ಟು ನುಡಿಸಿದರೂ ಯಾರಿಗೂ ಕೇಳಿಸಲ್ಲ ಅಪ್ಪಾ, ಎಲ್ಲರೂ ಹಾಡೋರನ್ನೇ ನೋಡ್ತಾರೆ" ಅಂದೆ. ನಾನು ಸುಮ್ನೆ ಹ್ಞೂಂ ಅಂದೆ. ಪಕ್ಕವಾದ್ಯದವನ ಮಗಳಿಗೆ ಏನು ಹೇಳಲಿ ಅಂತ ಆಗ ಹೊಳೆಯಲಿಲ್ಲ.

ಒಂದು ರಾಮೋತ್ಸವದ ಕಚೇರಿ ನೆನಪಾಯಿತು. ನೀನಿನ್ನೂ ಹುಟ್ಟಿರಲಿಲ್ಲ. ಏಪ್ರಿಲ್ ಸೆಕೆ, ನನ್ನ ಬೆನ್ನ ಹಿಂದೆಯೇ ಪೆಡೆಸ್ಟಲ್ ಫ್ಯಾನು. ಆ ತಗ್ಗು ನಾದ ಬರಲಿ ಅಂತ ಮೃದಂಗದ ಎಡಕ್ಕೆ ರವೆ ಕಲಸಿ ಹಚ್ಚಿದ್ದೆ. ನೀರು ಸ್ವಲ್ಪ ಕಡಿಮೆಯಾಗಿತ್ತು ಅಂತ ಕಾಣುತ್ತದೆ. ಗಾಳಿಗೆ ಒಣಗಿ, ಎರಡನೇ ಕೀರ್ತನೆಯ ನಡುವೆ ಅಂಚು ಬಿರಿಯಿತು. ಆಮೇಲೆ ಚೂರುಚೂರಾಗಿ ನನ್ನ ಪಂಚೆ ಮೇಲೆ ಉದುರಿತು. ಗುಮಕಿ, ಅಂದರೆ ಎಡದ ಆ ಗುಂಯ್‌ಗುಡುವ ನಾದ, ಹೋಯಿತು. ಖಾಲಿ ಡಬ್ಬ ಬಡಿದ ಹಾಗೆ ಟಕ್ ಟಕ್. ಸಭಿಕರಿಗೆ ಏನೂ ಗೊತ್ತಾಗಲಿಲ್ಲ, ತಲೆ ಆಡಿಸುತ್ತಲೇ ಇದ್ದರು. ಆದರೆ ಹಾಡುತ್ತಿದ್ದವರು ಅರ್ಧ ಸಾಲಿನಲ್ಲಿ ತಿರುಗಿ ನನ್ನನ್ನು ನೋಡಿದರು ನೋಡು! ಕತ್ತಲಲ್ಲಿ ಮೆಟ್ಟಿಲು ಇದೆ ಅಂತ ಕಾಲಿಟ್ಟು, ಅದು ಇಲ್ಲದಾಗ ಮುಖ ಹೇಗಾಗುತ್ತದೋ ಹಾಗೆ. ಕಚೇರಿ ಮುಗಿದ ಮೇಲೂ ಅವರೇನೂ ಅನ್ನಲಿಲ್ಲ. ಆ ಮುಖ ಮಾತ್ರ ನನಗೆ ಮರೆತಿಲ್ಲ.

ನಿಮ್ಮ ಬರ್ಕ್ಲೀ ಸಂಗೀತ ಕಾಲೇಜಿನಲ್ಲೇ ಓದಿ, 20ನೇ ವಯಸ್ಸಿಗೆ ಅಲ್ಲೇ ಪಾಠ ಹೇಳಿಕೊಟ್ಟ ಬೇಸ್ ವಾದಕಿ ಎಸ್ಪೆರಾಂಜಾ ಸ್ಪಾಲ್ಡಿಂಗ್ ಕಥೆಯನ್ನು ನೀನೇ ಹೇಳಿದ್ದೆ. 2011ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂದದ್ದು ದೊಡ್ಡ ವಿಷಯವೇ. ಆದರೆ ನನಗೆ ಹಿಡಿಸಿದ್ದು ನೀನು ಕೇಳಿಸಿದ ಜೇಮ್ಸ್ ಜೇಮರ್ಸನ್. ಡೆಟ್ರಾಯಿಟಿನ ಮೋಟೌನ್ ರೆಕಾರ್ಡ್ ಕಂಪನಿಯ ಎಷ್ಟೊಂದು ಹಾಡುಗಳಿಗೆ ಬೇಸ್ ನುಡಿಸಿದ ಮಹಾನುಭಾವ, ಅದೂ ಒಂದೇ ತೋರುಬೆರಳಿನಲ್ಲಿ ಮೀಟಿ! ಆ ರೆಕಾರ್ಡುಗಳ ಮೇಲೆ ಅವನ ಹೆಸರು ಅಚ್ಚಾದದ್ದು 1971ರಲ್ಲಿ, ಗಾಯಕ ಮಾರ್ವಿನ್ ಗೇ ಆಲ್ಬಮ್ಮಿನಲ್ಲಿ. ಅಲ್ಲಿಯವರೆಗೆ ಜನ ಅವನ ನಾದಕ್ಕೆ ಕುಣಿದರು, ಯಾರು ನುಡಿಸಿದ್ದು ಅಂತ ಗೊತ್ತಿಲ್ಲದೆ. ನನಗಂತೂ ಕೇಳಿ ಸಿಟ್ಟೇ ಬಂತು.

ಅದಕ್ಕೇ ಕೇಳುತ್ತೇನೆ. ಮುಂದಿನ ಸಲ ನಿಮ್ಮ ವಾದ್ಯದ ಗುಂಪಿನಲ್ಲಿ ನುಡಿಸುವಾಗ ಸಭೆಯ ಕಡೆ ನೋಡಬೇಡ, ದೊಡ್ಡ ಡ್ರಮ್ಮಿನ ಪೆಡಲ್ ತುಳಿಯುವ ಡ್ರಮ್ಸ್ ಹುಡುಗನ ಬಲಗಾಲು ನೋಡು. ನಡುವೆ ಎರಡು ಆವರ್ತ ಬೇಕಂತಲೇ ಕೈ ಎತ್ತಿಬಿಡು. ಯಾರು ಯಾರು ತಿರುಗಿ ನೋಡಿದರು ಅಂತ ನನಗೆ ಬರಿ. ಪ್ರಾಕ್ಟೀಸಿನಲ್ಲಿ ಮಾತ್ರ ಮಾರಾಯ್ತಿ, ಪರೀಕ್ಷೆಯಲ್ಲಿ ಬೇಡ!

ಹಾಂ, ತಾಳ ಬಡಿಯುವ ಆ ಮೆಟ್ರೊನೋಮ್ ಆಗಾಗ ಆರಿಸಿ, ಬಾಯಲ್ಲಿ ತಕಧಿಮಿ ಹೇಳಿಕೊಂಡು ನುಡಿಸಿ ನೋಡು. ತಾಳ ಬಿಟ್ಟು ಎಷ್ಟು ಮುಂದೆ ಓಡುತ್ತೀಯ ಅಂತ ಗೊತ್ತಾಗುತ್ತದೆ. ನೀನು ಓಡುತ್ತೀಯ, ಚಿಕ್ಕಂದಿನಿಂದಲೂ.

ರಾಯಚೂರಿನ ನಿನ್ನ ಚಿಕ್ಕಮ್ಮ ಫೋನ್ ಮಾಡಿದ್ದಳು. "ಬೇಸ್ ಗಿಟಾರಾ? ಹೆಸರೇ ಬೇಸೈತಲ್ಲ!" ಅಂದಳು.

ಬೆರಳಿನ ಬೊಬ್ಬೆ ಒಡೆಯಬೇಡ, ತಾನಾಗಿ ಒಣಗಲಿ. ಪಾರ್ಸೆಲ್‌ನಲ್ಲಿ ಅಮ್ಮ ಚಟ್ನಿಪುಡಿ, ಹುರಿದ ರವೆ ಅರ್ಧ ಕೆಜಿ ಹಾಕಿದ್ದಾಳೆ. ಉಪ್ಪಿಟ್ಟಿಗೆ ಕಣೇ, ಗಿಟಾರಿಗಲ್ಲ.

ನಿನ್ನ
ಅಪ್ಪ