ಅವ್ವನ ಸೀರೆಗೆ ಕತ್ತರಿ ಹಾಕು ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಟ್ರಂಕು ತುಂಬ ಅವ್ವನ ಸೀರೆ, ಮಗಳಿಗೆ ಏಳನೇ ತಿಂಗಳು, ತಂಗಿ ನೋಡಿದರೆ "ಪಾತ್ರೆಯವಳು ಬಂದಾಗ ಹಾಕಿಬಿಡೋಣ, ಒಂದೆರಡು ಸ್ಟೀಲ್ ಡಬ್ಬಿಯಾದರೂ ಬಂದಾವು" ಅನ್ನುತ್ತಾಳೆ, ನಿನಗೆ ಕೊಡೋಕೂ ಮನಸ್ಸಿಲ್ಲ, ಇಟ್ಟುಕೊಂಡು ಏನು ಮಾಡೋದು ಅಂತಲೂ ತಿಳಿಯುತ್ತಿಲ್ಲ. ಕೊನೆಗೆ "ಕತ್ತರಿಸಿದರೆ ಅವ್ವನಿಗೆ ಬೇಜಾರಾಗಲ್ವಾ" ಅಂತ ಬೇರೆ ಕೇಳಿದ್ದೀಯ. ಇದನ್ನು ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ನಮ್ಮ ವಯಸ್ಸಿನವರ ಮನೆಯಲ್ಲೆಲ್ಲ ಇಂಥದೊಂದು ಟ್ರಂಕು ಇದ್ದೇ ಇದೆ, ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ಬೈಕೋಬೇಡ.

ಅಲ್ಲಪ್ಪಾ, ನಿಮ್ಮ ಅವ್ವನಿಗೆ ಯಾಕೆ ಬೇಜಾರಾಗಬೇಕು? ಸೀರೆ ಹರಿಯೋದನ್ನು ನಾನು ಕಲಿತಿದ್ದೇ ಅವರ ಪಡಸಾಲೆಯಲ್ಲಿ. ಧಾರವಾಡದ ಆ ಮನೆಯಲ್ಲಿ ಒಂದು ಅರಿವೆಗೆ ಎಷ್ಟು ಜನ್ಮ ಇರುತ್ತಿತ್ತು ನೆನಪು ಮಾಡಿಕೋ. ಉಟ್ಟು ಉಟ್ಟು ಮೆತ್ತಗಾದ ಸೀರೆ ಕೌದಿಗೆ, ಅಂದರೆ ಹಳೆ ಬಟ್ಟೆ ಪದರ ಪದರವಾಗಿ ಸೇರಿಸಿ ಹೊಲಿಯುವ ಹಾಸು-ಹೊದಿಕೆಗೆ ಹೋಗುತ್ತಿತ್ತು, ಕೌದಿಗೆ ಬೇಡವಾದ ತುಂಡು ಕೂಸಿನ ದುಪಟಿಗೆ, ಅದೂ ಹಳತಾದರೆ ಅಡುಗೆಮನೆಯ ಮಸಿ ಅರಿವೆ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೂಜೆ ಮಾಡೋದು ನಮ್ಮ ಕಾಲದ ಚಟ, ಅವರದಲ್ಲ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಬೇಡ, ಅಜ್ಜಿಯ ಹಳೆ ಸೀರೆಯಲ್ಲೇ ಸುತ್ತಬೇಕು ಅನ್ನುತ್ತಿದ್ದರಲ್ಲ, ಅದರಲ್ಲಿ ಶಾಸ್ತ್ರ ಎಷ್ಟೋ ಗೊತ್ತಿಲ್ಲ, ಆದರೆ ನೂರಾರು ಸಲ ಒಗೆದ ಹತ್ತಿ ಬಟ್ಟೆಯಷ್ಟು ಮೆತ್ತಗಿನದು ಯಾವ ಅಂಗಡಿಯಲ್ಲೂ ಸಿಗಲ್ಲ.

ಆದರೆ ಎಲ್ಲದಕ್ಕೂ ಕತ್ತರಿ ಹಾಕಬೇಡ. ಅದರಲ್ಲೊಂದು ಕರಿ ರೇಷ್ಮೆ ಸೀರೆ ಇರಬೇಕು, ಮೈತುಂಬ ಕಸೂತಿ, ಸೆರಗಿನ ಹತ್ತಿರ ಗೋಪುರ, ಆನೆ, ತುಳಸಿಕಟ್ಟೆ. ಚಂದ್ರಕಾಳಿ ಅಂತ ಕರೆಯುತ್ತಿದ್ದರು. ಅದನ್ನು ಮುಟ್ಟಬೇಡ. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ ಇದೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ಗವಂತಿಯನ್ನು ತಿರುಗಿಸಿ ನೋಡು, ಒಳಗೂ ಹೊರಗೂ ಒಂದೇ ಥರ ಕಾಣುತ್ತದೆ, ದಾರಕ್ಕೆ ಗಂಟೇ ಹಾಕಿರುವುದಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದೂ ಇಲ್ಲ, ಎಳೆ ಎಣಿಸಿ ಎಣಿಸಿಯೇ ಸೂಜಿ ಹಾಕಬೇಕು. ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು, ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಎಲ್ಲೋ ಹೋಗಿ ಸೇರುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಬಂತು. ಅದೆಲ್ಲ ಇರಲಿ, ಕೈಯಿಂದ ಹಾಕಿದ ಹಳೆಯ ಕಸೂತಿ ಇನ್ನೊಂದು ಸಲ ಸಿಗೋದಲ್ಲ. ಆ ಸೀರೆಯನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡು, ಪ್ಲಾಸ್ಟಿಕ್ ಬೇಡ, ವರ್ಷಕ್ಕೆರಡು ಸಲ ತೆಗೆದು ಮಡಿಕೆ ಬದಲಿಸು. ಒಂದೇ ಮಡಿಕೆಯಲ್ಲಿಟ್ಟರೆ ರೇಷ್ಮೆ ಅಲ್ಲಿಯೇ ಬಿರಿಯುತ್ತದೆ.

ಉಳಿದವನ್ನು ಗುಂಪು ಮಾಡು. ನೈಲಾನ್, ಪಾಲಿಯೆಸ್ಟರ್ ಎಲ್ಲ ತಂಗಿಗೆ ಬಿಡು, ಅವಳ ಸ್ಟೀಲ್ ಡಬ್ಬಿಗೂ ಒಂದು ದಾರಿಯಾಯಿತು. ಜರಿ ಇರೋದು ಬೇರೆ, ಕೂಸಿನ ಮೈಗೆ ಅದು ಚುಚ್ಚುತ್ತದೆ. ನಮಗೆ ಬೇಕಾದದ್ದು ದಿನಾ ಉಡುತ್ತಿದ್ದ ಇಳಕಲ್ ಸೀರೆಗಳು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡು. ಹಿಮ್ಮಡಿಗೆ ತಾಗುತ್ತಿದ್ದ ದಡಿ (ಅಂಚು) ಜಾಸ್ತಿ ಸವೆದಿರುತ್ತದೆ, ಕುಂಡೆಯ ಹತ್ತಿರ ಜೊಳ್ಳಾಗಿ ಜಾಳು ಜಾಳಾಗಿರುತ್ತದೆ, ನಿರಿಗೆಯ ಒಳಗಿನ ಭಾಗ ಮಾತ್ರ ಹೊಸದರಂತೆ ಗಟ್ಟಿ ಇರುತ್ತದೆ. ಬೆಳಕು ಜರಡಿಯಂತೆ ತೂರಿ ಬರುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕು, ಆ ಭಾಗ ಕೌದಿಯ ನಡುವಿನ ಪದರಕ್ಕೆ ಆಗುತ್ತದೆ. ಗಟ್ಟಿ ಇರುವುದು ಮೇಲಕ್ಕೆ, ಕೆಳಕ್ಕೆ. ಸೆರಗನ್ನು ಬೇರೆ ತೆಗೆದಿಡು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಮಗ್ಗದ ಮೇಲೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿಯ ಒಡಲು ಒಂದು ಥರ ಕುಗ್ಗುತ್ತದೆ, ರೇಷ್ಮೆಯ ಸೆರಗು ಇನ್ನೊಂದು ಥರ. ಎರಡನ್ನೂ ಒಂದೇ ಕೌದಿಗೆ ಹಾಕಿದರೆ ಮೊದಲ ಒಗೆತಕ್ಕೇ ಸುಕ್ಕು. ಆ ಕೆಂಪು ಸೆರಗು ಬಣ್ಣ ಬಿಡುತ್ತದಾ ಅಂತಲೂ ನೋಡು: ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ತಿಕ್ಕಿದರೆ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯವಾದ ಮಾತು. ಟ್ರಂಕಿಗೆ ನುಸಿಗುಳಿಗೆ ಹಾಕಿದ್ದರೆ ಆ ಬಟ್ಟೆಯನ್ನು ಹಾಗೇ ಕೂಸಿನ ಹತ್ತಿರ ತರಬೇಡ. ವಾಸನೆಯೊಂದೇ ಸಮಸ್ಯೆ ಅಲ್ಲ. ಆ ಗುಳಿಗೆಯಲ್ಲಿರಬಹುದಾದ ನ್ಯಾಫ್ತಲೀನ್ ಹಸುಗೂಸುಗಳಿಗೆ ಆಗಿಬರುವುದಿಲ್ಲ, ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುವ ಒಂದು ಕೊರತೆಯಿಂದಾಗಿ ಕೆಂಪು ರಕ್ತಕಣ ಒಡೆದು ಕಾಮಾಲೆ ವಿಪರೀತವಾಗುತ್ತದೆ. ಆ ಕೊರತೆ ಇದೆಯೋ ಇಲ್ಲವೋ ಹುಟ್ಟುವ ಮೊದಲು ಯಾರಿಗೆ ಗೊತ್ತು? ಬಿಸಿನೀರಲ್ಲಿ ಒಗೆ, ಬಿಸಿಲಿಗೆ ಹಾಕು, ಮತ್ತೆ ಒಗೆ. ಮೂಗಿಗೆ ಹಿಡಿದರೆ ಬರೀ ಬಿಸಿಲಿನ ವಾಸನೆ ಬರೋವರೆಗೂ ಬಿಡಬೇಡ. ಆಮೇಲೂ ಅನುಮಾನ ಇದ್ದರೆ ಆ ಸೀರೆ ದೊಡ್ಡವರ ಕೌದಿಗಿರಲಿ.

ಈಗ ಕೌದಿ. ನೀನೇ ಹೊಲಿಯಬೇಕು. ನಗಬೇಡ, ನಮ್ಮ ಓಣಿಯಲ್ಲಿ ಮಷೀನಿನ ಮುಂದೆ ಕೂತಿದ್ದ ದರ್ಜಿಗಳೆಲ್ಲ ಗಂಡಸರೇ, ಸೂಜಿ ಹಿಡಿದರೆ ನಿನ್ನ ಮೀಸೆ ಉದುರಲ್ಲ. ನಿವೃತ್ತಿಯಾದ ಮೇಲೆ ದಿನಕ್ಕೆ ಎಷ್ಟು ಹೊತ್ತು ಮೊಬೈಲು ತಿಕ್ಕುತ್ತೀಯ ಅಂತ ನನಗೂ ಗೊತ್ತು. ಹದಿನೆಂಟು ಮೊಳದ ಸೀರೆ ಅಂದರೆ ಒಂಬತ್ತು ಗಜ, ಸುಮಾರು ಎಂಟು ಮೀಟರಿಗೂ ಮೇಲೆ. ಕೂಸಿನ ಕೌದಿಗೆ ಒಂದು ಮೀಟರು ಉದ್ದ, ಒಂದು ಮೀಟರು ಅಗಲ ಸಾಕು, ನಾಲ್ಕೈದು ಪದರ ಹಾಕಿದರೂ ಒಂದೇ ಸೀರೆಯಲ್ಲಿ ಮುಗಿದು ಮಿಗುತ್ತದೆ. ಊಟದ ಮೇಜಿನ ಮೇಲೆ ಮಾಡೋಕೆ ಹೋಗಬೇಡ, ನೆಲವೇ ಸರಿ. ಕೆಳಪದರ ಹಾಸಿ, ನಾಲ್ಕು ಮೂಲೆಗೂ ಏನಾದರೂ ಭಾರ ಇಡು. ಮೇಲಿನದನ್ನೆಲ್ಲ ಅಂಗೈಯಿಂದ ನಡುವಿನಿಂದ ಅಂಚಿಗೆ ಸವರುತ್ತಾ ಒಂದರ ಮೇಲೊಂದು ಹಾಸು. ಅಂಚನ್ನು ಒಳಗೆ ಮಡಿಚಿ, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕು, ಪದರ ಜಾರಬಾರದು. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಾ. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳಗಲ ಬಿಡು, ಅದಕ್ಕಿಂತ ಜಾಸ್ತಿ ಬಿಟ್ಟರೆ ಒಗೆದಾಗ ಒಳಗಿನ ಬಟ್ಟೆ ಗಂಟು ಕಟ್ಟುತ್ತದೆ.

ಹೊಲಿಗೆ ಡೊಂಕಾದರೆ ಆಗಲಿ, ಬಿಚ್ಚಬೇಡ. ಓಣಿಗೆ ಬಂದು ಕೌದಿ ಹೊಲಿದುಕೊಡುತ್ತಿದ್ದ ಹೆಂಗಸರನ್ನು ನೆನಪಿಸಿಕೋ, ಸ್ಕೇಲು ಇಟ್ಟು ಗೆರೆ ಎಳೆದದ್ದನ್ನು ಎಂದಾದರೂ ನೋಡಿದ್ದೀಯಾ? ಬಾಯಿ ಒಂದು ಕಡೆ ಮಾತಾಡುತ್ತಿತ್ತು, ಕೈ ಒಂದು ಕಡೆ ಓಡುತ್ತಿತ್ತು, ಸಾಲು ತಂತಾನೇ ಬೀಳುತ್ತಿತ್ತು.

ಅಂಚಿನಿಂದ ನಡುವಿಗೆ ಬರೋ ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಹಳ್ಳಿಗಳಲ್ಲಿ ಹೊಲಿಯುತ್ತಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಎಷ್ಟೋ ಜನರನ್ನು ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಕೆಳಗೊಂದು ಸೀರೆ ಹಾಸಿ, ಮೂಲೆಯಿಂದ ಶುರುಮಾಡಿ, ಕೈಗೆ ಸಿಕ್ಕ ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟು ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಕ್ಷೆ ಅಂತ ಮೊದಲೇ ಏನೂ ಇರುವುದಿಲ್ಲ, ಆದರೆ ಮುಗಿದಾಗ ನೋಡಿದರೆ ಒಂದು ಬಣ್ಣವನ್ನೂ ಆಚೀಚೆ ಮಾಡೋಕಾಗಲ್ಲ ಅನಿಸುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಮುಕ್ಕೋನೆಯ ಪುಟ್ಟ ಹೂವು ಕೂರಿಸುತ್ತಾರೆ, ಅದಿಲ್ಲದಿದ್ದರೆ ಕೌದಿ ಬರಿಮೈಯಲ್ಲಿದ್ದ ಹಾಗಂತೆ. ಎಂಥಾ ಚಂದದ ಯೋಚನೆ ನೋಡು! ನೀನೂ ಮೂಲೆಗೆ ಸೆರಗಿನ ಕೆಂಪು ತುಂಡು ಮಡಿಚಿ ಹಚ್ಚಬಹುದು, ಬಣ್ಣ ಬಿಡದಿದ್ದರೆ ಮಾತ್ರ.

ಕೌದಿಯನ್ನು ಕೂಸಿನ ಕೆಳಗೆ ಹಾಸೋಕೆ ಇಟ್ಟುಕೋ, ಹೊದಿಸೋಕೆ ಬೇಡ. ಒಂದು ವರ್ಷ ತುಂಬೋವರೆಗೂ ಮಲಗಿದ ಕೂಸಿನ ಸುತ್ತ ಸಡಿಲವಾದ ಹೊದಿಕೆ, ದಿಂಬು, ಗೊಂಬೆ ಏನೂ ಇರಬಾರದು ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಹಾಸೋ ಕೌದಿಯೂ ತೆಳ್ಳಗೆ, ಮಟ್ಟಸವಾಗಿ, ಎಲ್ಲೂ ಮುದ್ದೆಯಾಗದ ಹಾಗಿರಲಿ. ಅಜ್ಜಿಯಂದಿರು ಒಪ್ಪಲಿಕ್ಕಿಲ್ಲ. ನಾವು ಹೀಗೇ ಬೆಳೆದಿಲ್ವಾ ಅನ್ನುತ್ತಾರೆ. ಅನ್ನಲಿ.

ಕೂಸಿಗೆ ಹಾಕುವ ಕುಂಚಿಗೆ (ಬೆನ್ನಿನ ಮೇಲೆ ಇಳಿಬೀಳುವ ಟೋಪಿ), ಕುಲಾವಿಗೂ (ಪುಟ್ಟ ಟೋಪಿ) ಅದೇ ಮಾತು. ಹೆರಿಗೆ ತವರಿನಲ್ಲಿ, ನೀನು ತವರಿನವನು, ತೊಟ್ಟಿಲಿಗೆ ಹಾಕುವ ದಿನ ಕುಂಚಿಗೆ ನಿನ್ನ ಮನೆಯಿಂದಲೇ ಬರಬೇಕಲ್ಲ. ಅಂಗಡಿಯಲ್ಲಿ ಸಿಗೋದಕ್ಕೆಲ್ಲ ಟಿಕಳಿ, ಮಣಿ, ಪ್ಲಾಸ್ಟಿಕ್ ಮುತ್ತು. ನೋಡೋಕೆ ಚಂದ, ಆದರೆ ಕೂಸಿನ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ ತಾನೇ ಹೋಗೋದು. ಗುಳೇದಗುಡ್ಡದ ಖಣದಲ್ಲಿ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆಯಲ್ಲಿ ಹೊಲಿ, ಅದಕ್ಕೆ ಬೇರೆ ಅಲಂಕಾರವೇ ಬೇಡ, ನೇಯುವಾಗಲೇ ಬಟ್ಟೆಯ ತುಂಬ ಪುಟ್ಟ ಪುಟ್ಟ ಚಿತ್ತಾರ ಬಂದಿರುತ್ತದೆ. ಖಣದ ಎರಡೂ ಬದಿಗೆ ದಡಿ ಇರುತ್ತದಲ್ಲ, ಒಂದು ದಡಿ ಕೂಸಿನ ಮುಖದ ಸುತ್ತ ಬರೋ ಹಾಗೆ ಉದ್ದಕ್ಕೆ ಹಿಡಿದು, ನಡುವೆ ಮಡಿಚಿ, ಹಿಂದಲೆಯ ಬದಿ ಹೊಲಿದರೆ ಟೋಪಿಯಾಯಿತು. ಕುತ್ತಿಗೆಯ ಕೆಳಗೆ ನಿರಿಗೆ ಹಿಡಿದು ಬೆನ್ನಿನ ಮೇಲೆ ಇಳಿಬಿಡುವ ಬಟ್ಟೆ ಜೋಡಿಸು, ಅದರ ಕೆಳ ಅಂಚಿಗೆ ಇನ್ನೊಂದು ದಡಿ ಬರಲಿ. ಖಣ ಸ್ವಲ್ಪ ಒರಟು, ಒಳಗೆ ಅವ್ವನ ಸೀರೆಯ ಮೆತ್ತನೆ ಹತ್ತಿಯ ಅಸ್ತರ ಕೊಡು. ಹೊರಗಿಂದ ನೋಡಿದವರಿಗೆ ಹೊಸ ಖಣ ಕಾಣುತ್ತದೆ, ಕೂಸಿನ ಕೆನ್ನೆಗೆ ತಾಗುವುದು ಅವ್ವನ ಸೀರೆ. ಲಾಡಿ ಗಿಡ್ಡ ಇರಲಿ. ಫೋಟೋ ತೆಗೆದು, ಹರಸಿ ಆದಮೇಲೆ ಬಿಚ್ಚಿಬಿಡಿ, ಅದನ್ನು ಹಾಕಿಕೊಂಡೇ ಮಲಗಿಸಬಾರದು. ತಲೆ ಬೆವತು ಕೂಸು ಕಿರಿಕಿರಿ ಮಾಡುತ್ತದೆ, ಲಾಡಿ ಕುತ್ತಿಗೆಗೆ ಸುತ್ತಿಕೊಳ್ಳುವ ಭಯ ಬೇರೆ.

ಬಟ್ಟೆಗೊಂಬೆ ಮಾಡುವುದಾದರೆ ಒಂದೇ ಮಾತು: ಕಣ್ಣಿಗೆ ಗುಂಡಿ ಹಚ್ಚಬೇಡ, ದಾರದಲ್ಲೇ ಹೊಲಿ. ಒಳಗೆ ಚಿಂದಿ ತುಂಬು.

ಮತ್ತೆ ಅವ್ವನ ಚಂಚಿ, ಆ ಎಲೆಯಡಿಕೆಯ ಬಟ್ಟೆ ಚೀಲ! ಅದು ಸಿಕ್ಕಿತಾ? ಎಲೆ ಒಂದು ಕಡೆ, ಅಡಿಕೆ ಒಂದು ಕಡೆ, ಸುಣ್ಣದ ಡಬ್ಬಿ ಇನ್ನೊಂದು ಕಡೆ, ಎಲ್ಲಕ್ಕಿಂತ ಒಳಗಿನ ಪದರದಲ್ಲಿ ನಮಗೆ ಪೆಪ್ಪರಮಿಂಟಿಗೆ ಕೊಡುತ್ತಿದ್ದ ಚಿಲ್ಲರೆ. ಎರಡೂ ಕಡೆ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸಿಕ್ಕಿದರೆ ಒಗೆಯಬೇಡ, ಸುಣ್ಣದ ಕಲೆ ಇದ್ದರೆ ಇರಲಿ. ಬಿಚ್ಚಲೂಬೇಡ. ಅದನ್ನು ಮುಂದಿಟ್ಟುಕೊಂಡು, ಪದರ ಎಲ್ಲೆಲ್ಲಿ ಕೂಡಿದೆ ಅಂತ ಒಂದು ಕಾಗದದ ಮೇಲೆ ಬರೆದುಕೊಂಡು, ಅದೇ ಅಳತೆಯಲ್ಲಿ ಬೇರೆ ಚಂಚಿಗಳನ್ನು ಹೊಲಿಸು. ತಂಗಿಯ ಮಕ್ಕಳಿದ್ದಾರಲ್ಲ, ಆ ಹುಡುಗಿ ಇಯರ್‌ಫೋನು, ಚಾರ್ಜರು, ಬಸ್ ಪಾಸು ಎಲ್ಲ ಒಂದೊಂದು ಪದರದಲ್ಲಿಟ್ಟುಕೊಂಡು ತಿರುಗಲಿ. ಇದಕ್ಕೆ ಆ ತೆಗೆದಿಟ್ಟ ರೇಷ್ಮೆ ಸೆರಗುಗಳು ಹೇಳಿ ಮಾಡಿಸಿದಂತಿವೆ. ಇದನ್ನು ದರ್ಜಿಗೆ ಕೊಡು, ನಿನ್ನ ಕೈಲಾಗಲ್ಲ.

ಹೆಸರು ಹೊಲಿಯೋದು ಮರೆಯಬೇಡ. ನಲವತ್ತು ವರ್ಷದ ಮೇಲೆ ಆ ಕೌದಿ ಯಾರ ಸೀರೆಯದು ಅಂತ ಹೇಳೋಕೆ ನಾವಿಬ್ಬರೂ ಇರಲ್ಲ. ಪೆನ್ನಿನಲ್ಲಿ ಬರೆದರೆ ಒಗೆತದಲ್ಲಿ ಹೋಗುತ್ತದೆ. ಒಂದು ಬಿಳಿ ತುಂಡಿನ ಮೇಲೆ ಅವ್ವನ ಹೆಸರು, ಊರು, ಹೊಲಿದ ವರ್ಷ, ಇಷ್ಟನ್ನು ದಾರದಲ್ಲಿ ಹೊಲಿದು ಹಿಂಬದಿಯ ಮೂಲೆಗೆ ಹಚ್ಚು. ಮೆಂತೆ ಹೊಲಿಗೆಯಲ್ಲಿ, ಅಂದರೆ ಗುಣಿಸು ಗುರುತಿನಂಥ ಹೊಲಿಗೆಯಲ್ಲಿ ಕನ್ನಡ ಅಕ್ಷರ ಕೂರಿಸೋದು ಕಷ್ಟ. ನಮ್ಮವೆಲ್ಲ ದುಂಡು ದುಂಡು, ಮೆಂತೆಗೆ ಬೇಕಾದದ್ದು ಚೌಕ. ಅಕ್ಷರವನ್ನು ಪೆನ್ಸಿಲಲ್ಲಿ ಬರೆದು ಅದರ ಮೇಲೆ ಒಂದು ಹೆಜ್ಜೆ ಮುಂದೆ ಅರ್ಧ ಹೆಜ್ಜೆ ಹಿಂದೆ ಅಂತ ಸೂಜಿ ಹಾಕುತ್ತಾ ಹೋದರೆ ಸುಲಭ. ಮಗಳಿಗೂ ಒಂದೆರಡು ಅಕ್ಷರ ಬಿಡು. ಅವಳೂ ಮನೆಯಲ್ಲಿ ಕೂತು ಬೇಜಾರು ಅನ್ನುತ್ತಿದ್ದಾಳಂತಲ್ಲ.

ಫೋಟೋ ಕಳಿಸಿದರೆ ಹಳೆ ಸೀರೆಯಿಂದ ನೆನಪಿನ ಕೌದಿ ಮಾಡಿಕೊಡೋರಿದ್ದಾರೆ ಅಂತ ಒಂದು ಲಿಂಕು ಕಳಿಸಿದ್ದೆಯಲ್ಲ, ನೋಡಿದೆ. ಬೇಡ. ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬಿ, ಹಿಂದೆ ಫ್ಯೂಸಿಂಗ್ (ಇಸ್ತ್ರಿ ಹಾಕಿ ಅಂಟಿಸುವ ಬಟ್ಟೆ) ಅಂಟಿಸಿ, ಮಷೀನಿನಲ್ಲಿ ಹೂಬಳ್ಳಿ ಓಡಿಸಿದ್ದಾರೆ. ಅವ್ವನ ಸೀರೆ ಅದರಲ್ಲಿ ಬರೀ ಮೇಲಿನ ಸಿಪ್ಪೆ. ನಮ್ಮ ಸೆಕೆಗೆ ಅದನ್ನು ಯಾರು ಹೊದೆಯುತ್ತಾರೆ? ಸೋಫಾ ಮೇಲೆ ತೋರಿಸೋಕೆ ಇಡಬೇಕು ಅಷ್ಟೇ. ಮನೆಯ ಕೌದಿಯನ್ನು ಕೂಸು ಒದ್ದೆ ಮಾಡಬೇಕು, ಕಲ್ಲಿನ ಮೇಲೆ ಹಾಕಿ ಕುಸುಬಬೇಕು, ಹರಿದ ಕಡೆ ಮೇಲೊಂದು ತೇಪೆ ಬೀಳಬೇಕು. ನಿನಗೆ ಅಷ್ಟೂ ಧೈರ್ಯ ಬರದಿದ್ದರೆ ಎರಡು ಮಾಡು, ಒಂದು ಬಳಸೋಕೆ, ಒಂದು ನಿನ್ನ ಸಮಾಧಾನಕ್ಕೆ.

ಸದ್ಯಕ್ಕೆ ಸೀರೆಗಳನ್ನು ಒಗೆದು ಒಣಗಿಸಿ ಒಂದೊಂದರ ಫೋಟೋ ಕಳಿಸು, ಯಾವುದು ಯಾವುದಕ್ಕೆ ಆಗುತ್ತದೆ ಅಂತ ಹೇಳುತ್ತೇನೆ. ಮುಂದಿನ ತಿಂಗಳು ಬೆಂಗಳೂರಿಗೆ ಬರುವುದಿದೆ, ಖಣ ಇಲ್ಲಿಂದಲೇ ತರುತ್ತೇನೆ. ದಬ್ಬಣ, ದಪ್ಪ ದಾರವೂ ತರುತ್ತೇನೆ. ಬಣ್ಣ ಯಾವುದಿರಲಿ ಅಂತ ಮಗಳನ್ನೇ ಕೇಳಿ ತಿಳಿಸು, ನಿನ್ನ ಆಯ್ಕೆ ಬೇಡ, ನೀನು ಎಲ್ಲದಕ್ಕೂ ಬೂದಿ ಬಣ್ಣವೇ ಅನ್ನುತ್ತೀಯ.

ನಿನ್ನ ಹಳೆಯ ಗೆಳತಿ